ಕನ್ನಡ ಬಿಡುವ ವಿಭಕ್ತಿಯನ್ನು ಇಂಗ್ಲಿಷ್ ಕೇಳುತ್ತದೆ

ಪ್ರಶ್ನೆ: ನಾನು ಇಳಕಲ್ಲಿನ ನೇಕಾರರ ಮನೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಎ., ಬಿ.ಇಡಿ. ಮುಗಿಸಿದ್ದೇನೆ. ಈಗ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ರಿಲೇಟಿವ್ ಪ್ರೋನೌನ್ ಪಾಠದಲ್ಲಿ, ಮನುಷ್ಯರಿಗೆ 'ಹೂ', ವಸ್ತುಗಳಿಗೆ 'ವಿಚ್' ಎಂದು ಹೇಳಿಕೊಟ್ಟೆ. ಮರುದಿನ ಮಕ್ಕಳು ಬರೆದು ತಂದ ವಾಕ್ಯಗಳು ಇವು: "ದಿಸ್ ಈಸ್ ದ ಹೌಸ್ ವಿಚ್ ಐ ಲಿವ್." "ಹೂ ಸ್ಟಡೀಸ್ ವೆಲ್, ಹೀ ವಿಲ್ ಪಾಸ್." "ಐ ನೋ ದ ಬಾಯ್ ಹೂ ಹಿಸ್ ಫಾದರ್ ಈಸ್ ಎ ಕಂಡಕ್ಟರ್." ನಾನು ಹೇಳಿದ ನಿಯಮವನ್ನು ಅವರು ಎಲ್ಲಿಯೂ ಮುರಿದಿಲ್ಲ, ಆದರೂ ಮೂರೂ ತಪ್ಪು. ಏಕೆ ತಪ್ಪು ಎಂದು ಒಬ್ಬ ಹುಡುಗಿ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಇದನ್ನು ಹೇಗೆ ಕಲಿಸಬೇಕು?

ಉತ್ತರ: ಆ ಮೂರು ವಾಕ್ಯಗಳನ್ನು ನಾನು ವಿಜಯಪುರ ಜಿಲ್ಲೆಯ ಶಾಲೆಗಳಲ್ಲಿ ಮೂವತ್ತು ವರ್ಷ ಓದಿದ್ದೇನೆ. ಮೊದಲು ಸಿಂದಗಿ, ಆಮೇಲೆ ಇಂಡಿ, ಕೊನೆಗೆ ವಿಜಯಪುರ. ಊರು ಬದಲಾಯಿತು, ಮಕ್ಕಳು ಬದಲಾದರು, ವಾಕ್ಯಗಳು ಮಾತ್ರ ಬದಲಾಗಲಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡಿರದ ಮಕ್ಕಳು ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡುತ್ತಾರೆಂದರೆ ಅದನ್ನು ದಡ್ಡತನ ಎನ್ನಲು ನನಗೆ ಎಂದೂ ಮನಸ್ಸು ಬಂದಿಲ್ಲ. ಆ ತಪ್ಪಿನ ಹಿಂದೆ ಒಂದು ವ್ಯಾಕರಣ ಚೊಕ್ಕಟವಾಗಿ ಕೆಲಸ ಮಾಡುತ್ತಿದೆ. ಅದು ಕನ್ನಡದ ವ್ಯಾಕರಣ. ಅದನ್ನು ಮಕ್ಕಳ ಕಣ್ಣಿಗೆ ಕಾಣಿಸಿದರೆ ನಿಮ್ಮ ಅರ್ಧ ಕೆಲಸ ಮುಗಿಯುತ್ತದೆ.

ನಿಮ್ಮ ಮೊದಲ ವಾಕ್ಯವನ್ನೇ ನೋಡೋಣ. ಮಗುವಿನ ಮನಸ್ಸಿನಲ್ಲಿ ಇದ್ದದ್ದು "ಇದು ನಾನು ವಾಸಿಸುವ ಮನೆ". ಈ 'ವಾಸಿಸುವ' ಎಂಬುದು ನಮ್ಮ ಶಾಲಾ ವ್ಯಾಕರಣದಲ್ಲಿ ಬರುವ ಕೃದಂತನಾಮ. ಧಾತುವಿಗೆ 'ಉವ', 'ದ', 'ಅದ' ಸೇರಿ ಮಾಡುವ, ಮಾಡಿದ, ಮಾಡದ ಎಂದಾಗುತ್ತದಲ್ಲ, ಅದು. ನಾವು ವಾಸಿಸುವುದು ಮನೆಯಲ್ಲಿ. ಆದರೆ 'ವಾಸಿಸುವ ಮನೆ' ಎಂದಾಗ ಆ 'ಅಲ್ಲಿ' ಎಲ್ಲಿ ಹೋಯಿತು? ಕನ್ನಡ ಅದನ್ನು ಬಿಟ್ಟುಬಿಟ್ಟಿತು. ಕೇಳುವವರಿಗೆ ಗೊತ್ತಾಗುತ್ತದೆ ಎಂಬ ನಂಬಿಕೆ ನಮ್ಮ ಭಾಷೆಗೆ. ಇಂಗ್ಲಿಷಿಗೆ ಆ ನಂಬಿಕೆ ಇಲ್ಲ. ಅದು 'ಅಲ್ಲಿ'ಗೆ ಬದಲಾಗಿ 'ಇನ್' ಇಡಲೇಬೇಕು ಎನ್ನುತ್ತದೆ. "ದ ಹೌಸ್ ವಿಚ್ ಐ ಲಿವ್" ಎಂದು ಬರೆದ ಮಗು ಕನ್ನಡ ಬಿಟ್ಟದ್ದನ್ನು ತಾನೂ ಬಿಟ್ಟಿದೆ, ಅಷ್ಟೇ.

ಒಂದೇ 'ಬರೆದ' ಎಂಬ ಪದವನ್ನು ಕರಿಹಲಗೆಯ ಮೇಲೆ ಬರೆದು ಈ ಆಟ ಆಡಿಸಿ. 'ನಾನು ಬರೆದ ಪತ್ರ': ಪತ್ರವನ್ನು ಬರೆದೆ. 'ನಾನು ಬರೆದ ಪೆನ್ನು': ಪೆನ್ನಿನಿಂದ ಬರೆದೆ. 'ನಾನು ಬರೆದ ಹಾಳೆ': ಹಾಳೆಯ ಮೇಲೆ ಬರೆದೆ. 'ನಾನು ಪತ್ರ ಬರೆದ ಗೆಳತಿ': ಗೆಳತಿಗೆ ಬರೆದೆ. 'ನನಗೆ ಪತ್ರ ಬರೆದ ಗೆಳತಿ': ಗೆಳತಿಯೇ ಬರೆದಳು. ಐದು ಕಡೆಯೂ 'ಬರೆದ' ಹಾಗೆಯೇ ಇದೆ, ಒಂದಕ್ಷರ ಕದಲಿಲ್ಲ. ಇಂಗ್ಲಿಷಿನಲ್ಲಾದರೋ ಐದೂ ಬೇರೆ. ದ ಲೆಟರ್ ವಿಚ್ ಐ ರೋಟ್. ದ ಪೆನ್ ವಿತ್ ವಿಚ್ ಐ ರೋಟ್. ದ ಶೀಟ್ ಆನ್ ವಿಚ್ ಐ ರೋಟ್. ದ ಫ್ರೆಂಡ್ ಟು ಹೂಮ್ ಐ ರೋಟ್. ದ ಫ್ರೆಂಡ್ ಹೂ ರೋಟ್ ಟು ಮೀ. ಕನ್ನಡದಲ್ಲಿ ಕಾಣದಂತೆ ಲೋಪವಾದ ಅನ್ನು, ಇಂದ, ಮೇಲೆ, ಗೆ ಎಲ್ಲವೂ ಇಂಗ್ಲಿಷಿನಲ್ಲಿ ಎದ್ದು ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತಿವೆ.

ಕನ್ನಡದ ಈ ಉದಾರತೆ ಒಮ್ಮೊಮ್ಮೆ ನಮ್ಮನ್ನೇ ಗೊಂದಲಕ್ಕೆ ಕೆಡವುತ್ತದೆ. 'ಹುಲಿ ಕೊಂದ ಬೇಟೆಗಾರ' ಎಂದರೆ ಸತ್ತದ್ದು ಯಾರು? ಹುಲಿಯೂ ಆಗಬಹುದು, ಬೇಟೆಗಾರನೂ ಆಗಬಹುದು. ಇಂಗ್ಲಿಷಿನಲ್ಲಿ "ದ ಹಂಟರ್ ಹೂ ಕಿಲ್ಡ್ ದ ಟೈಗರ್" ಎಂದರೆ ಹುಲಿ ಸತ್ತಿತು, "ದ ಹಂಟರ್ ಹೂಮ್ ದ ಟೈಗರ್ ಕಿಲ್ಡ್" ಎಂದರೆ ಬೇಟೆಗಾರ ಸತ್ತ. ಈ ಉದಾಹರಣೆಯನ್ನು ತರಗತಿಯಲ್ಲಿ ಕೊಟ್ಟಾಗಲೆಲ್ಲ ಹಿಂದಿನ ಬೆಂಚಿನ ಮಕ್ಕಳೂ ಕತ್ತೆತ್ತಿ ಕೇಳಿದ್ದಾರೆ.

ಆದ್ದರಿಂದ 'ಮನುಷ್ಯರಿಗೆ ಹೂ, ವಸ್ತುಗಳಿಗೆ ವಿಚ್' ಎಂಬ ನಿಯಮ ಸುಳ್ಳಲ್ಲ, ಆದರೆ ಅದು ಕೇಳಬೇಕಾದ ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ, ಇಲ್ಲಿ ಯಾವ ವಿಭಕ್ತಿ ಅಡಗಿದೆ ಎಂಬುದು. ಪ್ರಥಮಾ ಇದ್ದರೆ 'ಹೂ'. ದ್ವಿತೀಯಾ ಇದ್ದರೆ 'ಹೂಮ್'. ಷಷ್ಠೀ ಇದ್ದರೆ 'ಹೂಸ್'. ಉಳಿದ ವಿಭಕ್ತಿಗಳಿಗೆ ತಕ್ಕ ಪ್ರಿಪೊಸಿಷನ್, ಅದರ ಜೊತೆಗೆ 'ಹೂಮ್' ಅಥವಾ 'ವಿಚ್'. ವಸ್ತುಗಳಿಗೆ ಪ್ರಥಮೆಯಲ್ಲೂ ದ್ವಿತೀಯೆಯಲ್ಲೂ 'ವಿಚ್' ಒಂದೇ. ನಿಮ್ಮ ಮಕ್ಕಳು ಕನ್ನಡದ ತರಗತಿಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಯೇ ಬಂದಿರುತ್ತಾರೆ. ಆ ಆಸ್ತಿ ಕೈಯಲ್ಲಿರುವಾಗ ಇಂಗ್ಲಿಷ್ ಶಿಕ್ಷಕರು ಅದನ್ನು ಮುಟ್ಟದೆ ಹೊಸದಾಗಿ ಪಟ್ಟಿ ಉರು ಹೊಡೆಸುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಿಭಕ್ತಿಯನ್ನು ಪತ್ತೆ ಹಚ್ಚುವುದು ಹೇಗೆ? ವಾಕ್ಯವನ್ನು ಎರಡಾಗಿ ಒಡೆಯಿರಿ. "ದಿಸ್ ಈಸ್ ದ ಹೌಸ್. ಐ ಲಿವ್ ಇನ್ ದ ಹೌಸ್." ಎರಡನೆಯ ವಾಕ್ಯದಲ್ಲಿ 'ದ ಹೌಸ್' ಎಂಬಷ್ಟನ್ನೇ ಅಳಿಸಿ ಅಲ್ಲಿ 'ವಿಚ್' ಬರೆಯಿರಿ. 'ಇನ್' ಅನ್ನು ಅಳಿಸುವ ಹಕ್ಕು ನಮಗಿಲ್ಲ. ಈಗ 'ವಿಚ್' ಅನ್ನು ಮುಂದಕ್ಕೆ ತನ್ನಿ. 'ಇನ್' ಅದರ ಜೊತೆಗೇ ಬಂದರೆ "ದ ಹೌಸ್ ಇನ್ ವಿಚ್ ಐ ಲಿವ್". ಅದು ಇದ್ದಲ್ಲೇ ಉಳಿದರೆ "ದ ಹೌಸ್ ವಿಚ್ ಐ ಲಿವ್ ಇನ್". ಎರಡೂ ಸರಿ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಎಂದು ಹಳೆಯ ಮೇಷ್ಟ್ರುಗಳು ಗದರಿಸುತ್ತಿದ್ದರು. ಒಳ್ಳೆಯ ಇಂಗ್ಲಿಷ್ ಬರೆಯುವವರು ಆ ಗದರಿಕೆಗೆ ಎಂದೂ ಕಿವಿಗೊಟ್ಟಿಲ್ಲ. 'ಇನ್ ವಿಚ್' ಬದಲು 'ವೇರ್' ಹಾಕಿ "ದ ಹೌಸ್ ವೇರ್ ಐ ಲಿವ್" ಎಂದರೂ ಸರಿ, ಏಕೆಂದರೆ 'ವೇರ್' ಎಂಬುದರ ಹೊಟ್ಟೆಯಲ್ಲಿ 'ಅಲ್ಲಿ' ಮೊದಲೇ ಇದೆ. 'ದ್ಯಾಟ್' ಹಾಕುವುದಾದರೆ ಮಾತ್ರ ಎಚ್ಚರ: "ದ ಹೌಸ್ ದ್ಯಾಟ್ ಐ ಲಿವ್ ಇನ್" ಸರಿ, "ದ ಹೌಸ್ ಇನ್ ದ್ಯಾಟ್ ಐ ಲಿವ್" ತಪ್ಪು. ಪ್ರಿಪೊಸಿಷನ್ನಿನ ಬೆನ್ನಿಗೆ 'ದ್ಯಾಟ್' ನಿಲ್ಲುವುದಿಲ್ಲ.

ಇಲ್ಲಿ ಒಂದು ಹಳ್ಳವಿದೆ, ನಾನೇ ಕಾಲು ಜಾರಿದ ಹಳ್ಳ. ವಿಭಕ್ತಿಯನ್ನು ಹುಡುಕಬೇಕಾದದ್ದು ಒಡೆದ ಇಂಗ್ಲಿಷ್ ವಾಕ್ಯದಲ್ಲಿ, ಕನ್ನಡ ವಾಕ್ಯದಲ್ಲಿ ಅಲ್ಲ. ನಾವು ವಿಜಯಪುರಕ್ಕೆ ಭೇಟಿ ಕೊಡುತ್ತೇವೆ, ಚತುರ್ಥೀ. ಇಂಗ್ಲಿಷಿನ 'ವಿಸಿಟ್' ಎಂಬ ಕ್ರಿಯಾಪದಕ್ಕೆ 'ಟು' ಬೇಡ, ಅದು ನೇರವಾಗಿ ಕರ್ಮವನ್ನೇ ಹಿಡಿಯುತ್ತದೆ. ಹೀಗಾಗಿ "ವಿಜಯಪುರ ಈಸ್ ದ ಸಿಟಿ ವೇರ್ ಐ ವಿಸಿಟೆಡ್" ತಪ್ಪು, "ದ ಸಿಟಿ ವಿಚ್ ಐ ವಿಸಿಟೆಡ್" ಸರಿ. ಇದಕ್ಕೆ ಉಲ್ಟಾ 'ಲಿಸನ್'. ನಾವು ಪಾಠವನ್ನು ಕೇಳುತ್ತೇವೆ, ದ್ವಿತೀಯಾ. ಇಂಗ್ಲಿಷಿನಲ್ಲಿ 'ಲಿಸನ್ ಟು'. ಆದ್ದರಿಂದ "ದ ಲೆಸನ್ ವಿಚ್ ಐ ಲಿಸನ್ಡ್" ಸಾಲದು, "ದ ಲೆಸನ್ ವಿಚ್ ಐ ಲಿಸನ್ಡ್ ಟು" ಎನ್ನಬೇಕು. ಮದುವೆಯೂ ಹೀಗೆಯೇ. ನಮ್ಮಲ್ಲಿ ಅವಳೊಂದಿಗೆ ಮದುವೆ ಆಗುತ್ತದೆ, ಆದರೆ 'ಮ್ಯಾರಿ' ಎಂಬುದಕ್ಕೆ 'ವಿತ್' ಬೇಡ: "ದ ಗರ್ಲ್ ಹೂಮ್ ಹೀ ಮ್ಯಾರೀಡ್". ಈ ಕ್ರಿಯಾಪದಗಳನ್ನು ಅವುಗಳ ಪ್ರಿಪೊಸಿಷನ್ ಸಮೇತ ಕಲಿಯದೆ ದಾರಿಯಿಲ್ಲ. ಅಡ್ಡದಾರಿ ಹುಡುಕಿ ನಾನು ಸೋತಿದ್ದೇನೆ.

ಎರಡನೆಯ ವಾಕ್ಯಕ್ಕೆ ಬರೋಣ. "ಹೂ ಸ್ಟಡೀಸ್ ವೆಲ್, ಹೀ ವಿಲ್ ಪಾಸ್." ಇದು ಕೃದಂತದ ಕಾಟವಲ್ಲ. ಕನ್ನಡದಲ್ಲಿರುವ ಇನ್ನೊಂದು ರಚನೆ ಇಲ್ಲಿದೆ: "ಯಾರು ಚೆನ್ನಾಗಿ ಓದುತ್ತಾರೋ ಅವರು ಪಾಸಾಗುತ್ತಾರೆ." ಯಾರು, ಅವರು ಎಂಬ ಜೋಡಿ. ನಮ್ಮ ಗಡಿಭಾಗದಲ್ಲಿ ಈ ಜೋಡಿಗೆ ಇನ್ನಷ್ಟು ಬಲ ಸಿಕ್ಕಿದೆ. ಬೆಳಗಾವಿಯ ಮರಾಠಿ ಮಾತಾಡುವ ಮನೆಯ ಮಗು "ಜೋ ಅಭ್ಯಾಸ ಕರತೋ, ತೋ ಪಾಸ್ ಹೋತೋ" ಎನ್ನುತ್ತದೆ. ವಿಜಯಪುರದ ಉರ್ದು ಮನೆಯ ಮಗುವಿಗೂ 'ಜೋ' ಹೊಸದಲ್ಲ. ಮೂರೂ ಭಾಷೆಗಳು ಸಂಬಂಧದ ಮಾತನ್ನು ಮೊದಲು ಆಡಿ, ಆಮೇಲೆ 'ಅವನು' ಎಂದು ಬೊಟ್ಟು ಮಾಡುತ್ತವೆ. ಇಂಗ್ಲಿಷಿನಲ್ಲಿ ಕ್ರಮ ತಿರುವುಮುರುವು. ಯಾರ ವಿಷಯ ಎಂಬುದು ಮೊದಲು, ಅದರ ಬೆನ್ನಿಗೇ 'ಹೂ': "ದೋಸ್ ಹೂ ಸ್ಟಡಿ ವೆಲ್ ವಿಲ್ ಪಾಸ್." ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದನ್ನು ಇಂಗ್ಲಿಷಿಗೆ ತರಲು ಹೇಳಿ. 'ತಿಂದವನು' ಎಂಬ ಒಂದೇ ಪದ "ಹೀ ಹೂ ಈಟ್ಸ್ ಸಾಲ್ಟ್" ಎಂದು ಬಿಚ್ಚಿಕೊಳ್ಳುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. 'ಅವನು' ಎಂಬುದು 'ಹೀ' ಆಗಿ ಮುಂದೆ ಬಂತು, ಆದ್ದರಿಂದ ಕೊನೆಯಲ್ಲಿ ಅದನ್ನು ಮತ್ತೆ ಹೇಳುವಂತಿಲ್ಲ.

ನೀವು ನೇಕಾರರ ಮನೆಯವರಾದ್ದರಿಂದ ಇದನ್ನು ಮಗ್ಗದ ಮುಂದೆಯೇ ಹೇಳಬಹುದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ನಿಮ್ಮವರು ಟೋಪ್ ತೆನಿ ಎನ್ನುವುದು ಅದಕ್ಕೇ. ಕುಣಿಕೆಯಲ್ಲಿ ಒಡಲಿನ ಎಳೆಯೂ ಇದೆ, ಸೆರಗಿನ ಎಳೆಯೂ ಇದೆ. 'ಹೂ' ಎಂಬುದೂ ಹಾಗೆ, ಎರಡು ವಾಕ್ಯಗಳನ್ನು ಕೂಡಿಸುತ್ತದೆ, ಜೊತೆಗೆ ಎರಡನೆಯ ವಾಕ್ಯದಲ್ಲಿ ನಾಮಪದದ ಜಾಗದಲ್ಲಿ ತಾನೇ ನಿಲ್ಲುತ್ತದೆ. ಎರಡು ಕೆಲಸ, ಒಂದು ಪದ. "ದ ಮ್ಯಾನ್ ಹೂಮ್ ಐ ಮೆಟ್ ಹಿಮ್" ಎಂದು ಬರೆದ ಮಗು ಕುಣಿಕೆ ಹಾಕಿದ ಮೇಲೂ ಅದೇ ಎಳೆಗೆ ಇನ್ನೊಂದು ಗಂಟು ಬಿಗಿದಿದೆ. 'ಹೂಮ್' ಎಂಬುದೇ 'ಅವನನ್ನು'. 'ಹಿಮ್' ಹೆಚ್ಚಾಯಿತು.

ಮೂರನೆಯ ವಾಕ್ಯದ ರೋಗವೂ ಅದೇ ಜಾತಿಯದು. 'ತಂದೆ ಕಂಡಕ್ಟರ್ ಆಗಿರುವ ಹುಡುಗ' ಎಂದಾಗ ಕನ್ನಡದಲ್ಲಿ 'ಅವನ' ಎಂಬ ಷಷ್ಠೀ ಲೋಪವಾಗಿದೆ. ಮಗು ಅದನ್ನು ಗುರುತಿಸಿ 'ಹಿಸ್' ಎಂದು ತಂದಿತಲ್ಲ, ಅದಕ್ಕೆ ಶಹಬ್ಬಾಸ್ ಹೇಳಿ. ಲೋಪವಾದದ್ದು ಅದಕ್ಕೆ ಕಂಡಿದೆ, ತುಂಬುವ ಪದ ಮಾತ್ರ ಗೊತ್ತಿಲ್ಲ. 'ಹೂ' ಮತ್ತು 'ಹಿಸ್' ಎರಡನ್ನೂ ತೆಗೆದು 'ಹೂಸ್' ಇಟ್ಟರೆ ಆಯಿತು: "ಐ ನೋ ದ ಬಾಯ್ ಹೂಸ್ ಫಾದರ್ ಈಸ್ ಎ ಕಂಡಕ್ಟರ್." 'ಹೂಸ್' ಮನುಷ್ಯರಿಗೆ ಮಾತ್ರ ಎಂದು ಕೆಲವರು ಕಲಿಸುತ್ತಾರೆ. ಹಾಗೇನೂ ಇಲ್ಲ. "ಗೋಲ್ ಗುಂಬಜ್, ಹೂಸ್ ಡೋಮ್ ವೀ ಸಾ ಫ್ರಮ್ ದ ಟ್ರೇನ್" ಎಂಬುದು ಶುದ್ಧ ಇಂಗ್ಲಿಷ್. 'ಹೂ ಈಸ್' ಎಂಬುದನ್ನು ಅಪಾಸ್ಟ್ರಫಿ ಹಾಕಿ ಕುಗ್ಗಿಸಿದಾಗಲೂ ಉಚ್ಚಾರ ಇದೇ ಆಗುತ್ತದೆ, ಆದರೆ ಕಾಗುಣಿತ ಬೇರೆ. ಅದನ್ನು ಒಮ್ಮೆ ಹಲಗೆಯ ಮೇಲೆ ತೋರಿಸಿದರೆ ಸಾಕು.

'ಹೂಮ್' ಬಗ್ಗೆ ಎರಡು ಮಾತು. ಮಾತಿನಲ್ಲಿ ಇಂಗ್ಲಿಷರೂ "ದ ಮ್ಯಾನ್ ಹೂ ಐ ಮೆಟ್" ಎಂದೇ ಅನ್ನುತ್ತಾರೆ. ಅದನ್ನು ತಪ್ಪೆಂದು ಮಕ್ಕಳ ಮೇಲೆ ರೇಗುವುದು ಬೇಡ. ಪರೀಕ್ಷೆಯ ಉತ್ತರದಲ್ಲಿ 'ಹೂಮ್' ಬರೆಯಿಸಿ. ಪ್ರಿಪೊಸಿಷನ್ನಿನ ಬೆನ್ನಿಗೆ ಮಾತ್ರ 'ಹೂಮ್' ಕಡ್ಡಾಯ: 'ಟು ಹೂಮ್', 'ಫಾರ್ ಹೂಮ್'. ಸಂದೇಹ ಬಂದಾಗ ಮತ್ತೆ ಅದೇ ಉಪಾಯ, ಒಡೆದು ನೋಡುವುದು. "ದ ಮ್ಯಾನ್ ಹೂಮ್ ಐ ಥಿಂಕ್ ಈಸ್ ದ ಹೆಡ್‌ಮಾಸ್ಟರ್" ಎಂದು ಓದಿದವರೂ ಬರೆಯುತ್ತಾರೆ. ಒಡೆದರೆ "ಐ ಥಿಂಕ್ ಹೀ ಈಸ್ ದ ಹೆಡ್‌ಮಾಸ್ಟರ್". ಅಲ್ಲಿ ಇರುವುದು 'ಹೀ', ಪ್ರಥಮಾ. ಹಾಗಾಗಿ 'ಹೂ' ಬರಬೇಕು.

ಇನ್ನು ನೀವು ಕೇಳದಿದ್ದರೂ ನಾನು ಹೇಳದೆ ಇರಲಾರದ ವಿಷಯ ಅಲ್ಪವಿರಾಮ. ಇದನ್ನು ಶಾಲೆಗಳಲ್ಲಿ ಹೆಚ್ಚಾಗಿ ಕಲಿಸುವುದೇ ಇಲ್ಲ. 'ಬೆಳಗಾವಿಯಲ್ಲಿರುವ ನನ್ನ ಅಣ್ಣ ನಾಳೆ ಬರುತ್ತಾನೆ' ಎಂಬ ಕನ್ನಡ ವಾಕ್ಯದಿಂದ ನನಗೆ ಎಷ್ಟು ಜನ ಅಣ್ಣಂದಿರು ಎಂದು ತಿಳಿಯುವುದಿಲ್ಲ. ಒಬ್ಬನೇ ಇರಬಹುದು, ಅವನಿರುವುದು ಬೆಳಗಾವಿಯಲ್ಲಿ. ಮೂವರಿರಬಹುದು, ಅವರಲ್ಲಿ ಬೆಳಗಾವಿಯವನು ಬರುತ್ತಾನೆ. ಇಂಗ್ಲಿಷ್ ಇದನ್ನು ಎರಡು ಅಲ್ಪವಿರಾಮಗಳಿಂದ ಹೇಳಿಬಿಡುತ್ತದೆ. "ಮೈ ಬ್ರದರ್ ಹೂ ಲಿವ್ಸ್ ಇನ್ ಬೆಳಗಾವಿ ಈಸ್ ಕಮಿಂಗ್" ಎಂದರೆ ಅಣ್ಣಂದಿರು ಹಲವರು, ಬರುವವನು ಯಾರೆಂದು ಆರಿಸಿ ಹೇಳುತ್ತಿದ್ದೇನೆ. "ಮೈ ಬ್ರದರ್, ಹೂ ಲಿವ್ಸ್ ಇನ್ ಬೆಳಗಾವಿ, ಈಸ್ ಕಮಿಂಗ್" ಎಂದರೆ ಇರುವವನೇ ಒಬ್ಬ, ಊರಿನ ಹೆಸರು ಮೇಲುಮಾತು. ಒಂದು ಚುಕ್ಕೆಯಂಥ ಗುರುತು ಮನೆಯ ಅಣ್ಣಂದಿರ ಸಂಖ್ಯೆಯನ್ನೇ ಹೇಳುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಹೆಸರಿದ್ದ ಕಡೆ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಗೋಲ್ ಗುಂಬಜ್ ಇರುವುದು ಒಂದೇ. "ಗೋಲ್ ಗುಂಬಜ್, ವಿಚ್ ವಾಸ್ ಕಂಪ್ಲೀಟೆಡ್ ಇನ್ 1656, ಈಸ್ ದ ಟೂಂಬ್ ಆಫ್ ಮೊಹಮ್ಮದ್ ಆದಿಲ್ ಶಾ" ಎಂದು ಬರೆಯುವಾಗ ಎರಡೂ ಅಲ್ಪವಿರಾಮಗಳು ಬೇಕು. ಮೊದಲನೆಯದನ್ನು ಹಾಕಿ ಎರಡನೆಯದನ್ನು ಮರೆಯುವವರೇ ಹೆಚ್ಚು. ಅಲ್ಪವಿರಾಮದ ನಂತರ 'ದ್ಯಾಟ್' ಬರುವುದಿಲ್ಲ, 'ವಿಚ್', 'ಹೂ', 'ಹೂಸ್' ಇಂಥವು ಬರುತ್ತವೆ. ಅಲ್ಪವಿರಾಮವಿಲ್ಲದ ಕಡೆ 'ದ್ಯಾಟ್' ಬರಬೇಕು, 'ವಿಚ್' ಬೇಡ ಎಂಬ ಸಲಹೆಯನ್ನು ಫೌಲರ್ ಎಂಬ ಇಂಗ್ಲಿಷ್ ವಿದ್ವಾಂಸ 1926ರಲ್ಲಿ ಮುಂದಿಟ್ಟಿದ್ದ. ಅಮೆರಿಕದ ಸಂಪಾದಕರು ಅದನ್ನು ಬಿಗಿಯಾಗಿ ಹಿಡಿದರು, ಬ್ರಿಟನ್ನಿನವರು ಸಡಿಲ ಬಿಟ್ಟರು. ನಿಮ್ಮ ಮಕ್ಕಳು ಎರಡರಲ್ಲಿ ಯಾವುದನ್ನು ಬರೆದರೂ ಅಂಕ ಕೊಡಿ. 'ಆಲ್', 'ಎವ್ರಿಥಿಂಗ್', 'ನಥಿಂಗ್', 'ದ ಓನ್ಲಿ' ಇಂಥವು ಮುಂದಿದ್ದಾಗ ಮಾತ್ರ 'ದ್ಯಾಟ್' ಹೆಚ್ಚು ಒಪ್ಪುತ್ತದೆ.

'ವಾಟ್' ಕುರಿತು ಒಂದೇ ಮಾತು. ಮಾಡಿದ್ದುಣ್ಣೋ ಮಹಾರಾಯ ಎಂಬಲ್ಲಿ 'ಮಾಡಿದ್ದು' ಇದೆಯಲ್ಲ, ಅದರ ಮುಂದೆ ಬೇರೆ ನಾಮಪದವಿಲ್ಲ. ಅದೇ 'ವಾಟ್': "ಈಟ್ ವಾಟ್ ಯು ಹ್ಯಾವ್ ಕುಕ್ಡ್." ಇಂಗ್ಲಿಷಿನಲ್ಲಿ 'ವಾಟ್'ಗಿಂತ ಮೊದಲೇ ನಾಮಪದವೋ 'ಆಲ್' ಎಂಬುದೋ ಇದ್ದರೆ 'ವಾಟ್' ಜಾಗ ಬಿಡಬೇಕು. "ದ ಬುಕ್ ವಾಟ್ ಐ ಬಾಟ್" ತಪ್ಪು, "ಆಲ್ ವಾಟ್ ಹೀ ಸೆಡ್" ತಪ್ಪು.

ಕೃದಂತ ವಿಭಕ್ತಿಯನ್ನಷ್ಟೇ ಬಿಡುವುದಿಲ್ಲ, ವಚನವನ್ನೂ ಪುರುಷವನ್ನೂ ಬಿಡುತ್ತದೆ. ಹಾಡುವ ಹುಡುಗಿ, ಹಾಡುವ ಹುಡುಗಿಯರು, ಹಾಡುವ ನಾನು, ಎಲ್ಲ ಕಡೆಯೂ 'ಹಾಡುವ'. ಅದಕ್ಕೇ ನಮ್ಮ ಮಕ್ಕಳು "ದ ಗರ್ಲ್ ಹೂ ಸಿಂಗ್" ಎಂದು ಬರೆಯುತ್ತಾರೆ. 'ಹೂ' ನೋಡಲು ಒಂದೇ ಥರ ಇದ್ದರೂ ಅದರ ಹಿಂದಿನ ನಾಮಪದ ಏಕವಚನವೋ ಬಹುವಚನವೋ ಎಂಬುದಕ್ಕೆ ತಕ್ಕಂತೆ ಕ್ರಿಯಾಪದ ನಡೆಯಬೇಕು. ದ ಗರ್ಲ್ ಹೂ ಸಿಂಗ್ಸ್, ದ ಗರ್ಲ್ಸ್ ಹೂ ಸಿಂಗ್, ಐ ಹೂ ಆಮ್ ಯುವರ್ ಟೀಚರ್. ಪರೀಕ್ಷೆಗಳಲ್ಲಿ ಪದೇಪದೇ ಕಾಡುವುದು "ಶೀ ಈಸ್ ಒನ್ ಆಫ್ ದ ಗರ್ಲ್ಸ್ ಹೂ ಸಿಂಗ್ ವೆಲ್". ಇಲ್ಲಿ 'ಹೂ' ಹಿಡಿದಿರುವುದು 'ಗರ್ಲ್ಸ್' ಎಂಬುದನ್ನು. ಚೆನ್ನಾಗಿ ಹಾಡುವ ಹುಡುಗಿಯರು ಹಲವರು, ಅವರಲ್ಲಿ ಇವಳು ಒಬ್ಬಳು. ಆದ್ದರಿಂದ 'ಸಿಂಗ್'.

ಕೊನೆಯ ತೊಡಕು ಜಾಗದ್ದು. "ಐ ಬಾಟ್ ಎ ಸಾರಿ ಫಾರ್ ಮೈ ಮದರ್ ವಿಚ್ ಕಾಸ್ಟ್ ಟೂ ಥೌಸಂಡ್ ರುಪೀಸ್" ಎಂದು ಬರೆದರೆ ಎರಡು ಸಾವಿರದ ಬೆಲೆ ತಾಯಿಗೆ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಈ ಭಯವಿಲ್ಲ, ವಿಶೇಷಣ ತನ್ನ ನಾಮಪದದ ಮುಂದೆಯೇ ಬರುತ್ತದೆ: ಎರಡು ಸಾವಿರ ಬೆಲೆಯ ಸೀರೆ. ಇಂಗ್ಲಿಷಿನಲ್ಲಿ ಅದು ಹಿಂದೆ ಬರುವುದರಿಂದ ನಡುವೆ ಇನ್ನೊಬ್ಬರು ನುಸುಳದಂತೆ ನೋಡಿಕೊಳ್ಳಬೇಕು: "ಫಾರ್ ಮೈ ಮದರ್ ಐ ಬಾಟ್ ಎ ಸಾರಿ ವಿಚ್ ಕಾಸ್ಟ್ ಟೂ ಥೌಸಂಡ್ ರುಪೀಸ್."

ತರಗತಿಯಲ್ಲಿ ಮೊದಲ ವಾರ ಇಂಗ್ಲಿಷ್ ಪುಸ್ತಕವನ್ನೇ ತೆರೆಯಬೇಡಿ. ಮನೆಯಲ್ಲಿ ಹಿರಿಯರು ಆಡುವ ಮಾತಿನಿಂದ ಹತ್ತು ಕೃದಂತಗಳನ್ನು ಆಯ್ದು ತರಲು ಹೇಳಿ, ಪ್ರತಿಯೊಂದರ ತಲೆಯ ಮೇಲೆ ಲೋಪವಾದ ವಿಭಕ್ತಿಯನ್ನು ಕೆಂಪು ಶಾಯಿಯಲ್ಲಿ ಬರೆಯಿಸಿ. ಆಮೇಲೆ ಇಂಗ್ಲಿಷ್. ಮೊದಲಿಗೆ ಈ ಮೂರನ್ನು ಕೊಟ್ಟು ನೋಡಿ: ಅಜ್ಜಿ ಹಾಡಿದ ಹಾಡು, ಅಜ್ಜಿ ಹಾಡಿದ ಮದುವೆ, ಅಜ್ಜಿ ಕುಳಿತು ಹಾಡಿದ ಕಟ್ಟೆ. ಮೊದಲನೆಯದರ ಮೇಲೆ 'ಅನ್ನು', ಎರಡನೆಯದರ ಮೇಲೆ 'ಅಲ್ಲಿ', ಮೂರನೆಯದರ ಮೇಲೆ 'ಮೇಲೆ' ಬರೆದ ಮಗು 'ವಿಚ್', 'ಅಟ್ ವಿಚ್', 'ಆನ್ ವಿಚ್' ಎಂದು ತಾನೇ ಹೇಳುತ್ತದೆ.